ಮಗಳಿಗೊಂದು ಪತ್ರ: ಯು ಇಲ್ಲದ ಕ್ಯೂ

ಮಂಡ್ಯ

ಪ್ರೀತಿಯ ಚಿನ್ನು,

ನೀನು ಕಳಿಸಿದ ಪಟ್ಟಿ ನೋಡಿದೆ. 'ಕ್ಯೂ' ಇದ್ದು 'ಯು' ಇಲ್ಲದ ಪುಟ್ಟ ಇಂಗ್ಲಿಷ್ ಪದಗಳು, ಜೊತೆಗೆ ಒಂದಿಷ್ಟು ಝಡ್ ಪದಗಳು. ಸ್ಕ್ರ್ಯಾಬಲ್ ಸ್ಪರ್ಧೆಗೆ ಬಾಯಿಪಾಠ ಮಾಡ್ತಿದ್ದೀನಮ್ಮ, ಅರ್ಥ ಬೇಡವಂತೆ ಅಂತ ಬರೆದಿದ್ದೀಯ. ಹಾಸ್ಟೆಲ್ಲಿನ ಅಕ್ಕಂದಿರು ಹೇಳಿದ್ದು ಆಟದ ಮಟ್ಟಿಗೆ ನಿಜ. ಅಕ್ಷರದ ಬಿಲ್ಲೆಗಳನ್ನು ಬೋರ್ಡಿನ ಮೇಲೆ ಜೋಡಿಸಿ ಪದ ಕಟ್ಟುವ ಆಟ ಅದು, ಪದ ಆಟದ ಒಪ್ಪಿತ ಪಟ್ಟಿಯಲ್ಲಿದ್ದರೆ ಸಾಕು, ಅರ್ಥ ಯಾರೂ ಕೇಳುವುದಿಲ್ಲ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತಾಡಲು ಬಾರದೆಯೇ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್ ಆದರು. ಅಂಥ ನೆನಪಿನ ಶಕ್ತಿಗೆ ಕೈಮುಗಿಯಬೇಕು. ಆದರೆ ನೀನು ಮಾತ್ರ ಅರ್ಥದ ಸಮೇತ ಕಲಿ ಅಂತ ನನ್ನ ಆಸೆ. ನಿನ್ನ ಪಟ್ಟಿಯಲ್ಲಿ ಎಷ್ಟೊಂದು ಊರುಗಳಿವೆ ಗೊತ್ತಾ?

ಮೊದಲು ಕ್ಯೂ ಬಿಲ್ಲೆಯ ವಿಷಯ. ನೂರು ಬಿಲ್ಲೆಗಳಲ್ಲಿ ಕ್ಯೂ ಇರುವುದು ಒಂದೇ. ಮೂಲೆಯಲ್ಲಿ ಸಣ್ಣದಾಗಿ 10 ಅಂತ ಬರೆದಿರುತ್ತದೆ. 'ಇ' ಮಾತ್ರ 12 ಇವೆ, ಒಂದೊಂದಕ್ಕೆ ಒಂದೇ ಅಂಕ. ಇದು ಸುಮ್ನೆ ಇಟ್ಟ ಲೆಕ್ಕ ಅಲ್ಲ. 1930ರ ದಶಕದಲ್ಲಿ ಆಲ್‌ಫ್ರೆಡ್ ಬಟ್ಸ್ ಎಂಬ ಅಮೆರಿಕದ ಆರ್ಕಿಟೆಕ್ಟ್ ಕೆಲಸ ಕಳೆದುಕೊಂಡು ಕೂತಿದ್ದಾಗ ಈ ಆಟ ಕಟ್ಟಿದರು. ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಪತ್ರಿಕೆಯ ಪುಟಗಳಲ್ಲಿ ಎಣಿಸಿ ನೋಡಿದರು. ಯು ಇರುವುದು ನಾಲ್ಕೇ. ಅವು ಖರ್ಚಾದ ಮೇಲೆ ಕ್ಯೂ ನಿನ್ನ ಕೈಯಲ್ಲೇ ಉಳಿದರೆ ಕೊನೆಗೆ ಹತ್ತು ಅಂಕ ಹೋಗುತ್ತದೆ. ಅದಕ್ಕೇ ಎಲ್ಲರೂ ಈ ಪದಗಳ ಹಿಂದೆ ಬೀಳುವುದು.

ಕ್ಯೂ ಪಕ್ಕದಲ್ಲಿ ಯು ಬರಲೇಬೇಕು ಅನ್ನುವುದು ಇಂಗ್ಲಿಷಿನ ಹುಟ್ಟುಗುಣವೂ ಅಲ್ಲ. ಹಳೇ ಇಂಗ್ಲಿಷಿನಲ್ಲಿ ಕ್ವೀನ್ ಅನ್ನುವುದನ್ನು ಸಿ, ಡಬ್ಲ್ಯೂ, ಇ, ಎನ್ ಅಂತಲೇ ಬರೆಯುತ್ತಿದ್ದರು. 1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಇಂಗ್ಲೆಂಡ್ ಗೆದ್ದರು. ಆಮೇಲೆ ಬಂದ ಬರಹಗಾರರು ತಮ್ಮ ರೂಢಿಯಂತೆ ಕ್ಯೂ-ಯು ಜೋಡಿ ತಂದರು. ಆ ಜೋಡಿ ಇಲ್ಲದ ಪದ ಕಂಡರೆ ಅದು ಬಹುಪಾಲು ದೂರದ ಊರಿನಿಂದ ಬಂದದ್ದು ಅಂತ ತಿಳಿ. ಅರಬ್ಬಿಯಲ್ಲಿ ಗಂಟಲಿನ ಆಳದಿಂದ ಹೊರಡುವ ಒಂದು 'ಕ' ಇದೆ. ಅದನ್ನು ತೋರಿಸಲು ಯು ಇಲ್ಲದ ಕ್ಯೂ ಬಳಸಿದರು. ನಮಗೆ ಗೊತ್ತಿರುವ ಫಕೀರ, ಖಾಜಿ ಎರಡೂ ಹಾಗೆಯೇ ನಿನ್ನ ಪಟ್ಟಿಗೆ ಬಂದಿವೆ. ಕ್ಯೂ-ಎ-ಟಿ ಅಂದರೆ ಯೆಮೆನ್, ಇಥಿಯೋಪಿಯಾ ಕಡೆ ಜನ ಅಗಿಯುವ ಮತ್ತೇರಿಸುವ ಎಲೆ. ಕ್ಯೂ-ಐ ಚೀನಾದ್ದು, ಅದನ್ನು 'ಚೀ' ಅಂತ ಓದಬೇಕು. ಉಸಿರು, ಜೀವಶಕ್ತಿ ಅಂತ ಅರ್ಥ, ನಾವು ಪ್ರಾಣ ಅನ್ನುತ್ತೀವಲ್ಲ, ಅದಕ್ಕೆ ಹತ್ತಿರ. ಎರಡೇ ಬಿಲ್ಲೆಗೆ 11 ಅಂಕ.

ಇವೆಲ್ಲಕ್ಕಿಂತ ನನಗೆ ಜಾಸ್ತಿ ಇಷ್ಟವಾದದ್ದು ಕನಾತ್. ಕ್ಯೂ, ಎ, ಎನ್, ಎ, ಟಿ. ನಾಲೆಯ ನೀರು ಕುಡಿದು ಬೆಳೆದ ಮಂಡ್ಯದ ಹುಡುಗಿ ನೀನು, ಇದರ ಅರ್ಥ ತಿಳಿಯದೆ ಬರೀ 14 ಅಂಕ ಎಣಿಸಿದರೆ ನನಗೆ ಬೇಜಾರಾಗುತ್ತದೆ.

ಕನಾತ್ ಅಂದರೆ ಇರಾನಿನ ನೆಲದೊಳಗಿನ ನಾಲೆ. ಬೆಟ್ಟದ ಬುಡದಲ್ಲಿ ನೀರು ಸಿಗುವಷ್ಟು ಆಳಕ್ಕೆ ಒಂದು ಬಾವಿ ತೋಡುತ್ತಾರೆ, ಅದು ತಾಯಿ ಬಾವಿ. ಅಲ್ಲಿಂದ ಊರಿನವರೆಗೆ ಸುರಂಗ. ಪಂಪು ಇಲ್ಲ, ಕಪಿಲೆ ಇಲ್ಲ, ನೀರು ಇಳಿಜಾರಿನಲ್ಲಿ ತಾನಾಗಿ ಹರಿದು ಬರುತ್ತದೆ. ಇಳಿಜಾರು ಜಾಸ್ತಿಯಾದರೆ ನೀರಿನ ರಭಸಕ್ಕೆ ಸುರಂಗದ ತಳ ಕೊರೆದುಹೋಗುತ್ತದೆ, ಕಮ್ಮಿಯಾದರೆ ಹೂಳು ನಿಲ್ಲುತ್ತದೆ. ಮಿಣುಕು ದೀಪದ ಬೆಳಕಿನಲ್ಲಿ ಆ ಹದ ಹಿಡಿದವರ ಕೈಗೆ ಎಂಥ ಕಸುಬಿತ್ತು ನೋಡು! ದಾರಿಯುದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ನೇರ ಬಾವಿಗಳನ್ನು ಇಳಿಸಿರುತ್ತಾರೆ. ಮಣ್ಣು ಎತ್ತಲು, ಒಳಗಿದ್ದವರಿಗೆ ಗಾಳಿ ಸಿಗಲು. ಆ ಬಿಸಿಲಿಗೆ ತೆರೆದ ನಾಲೆಯ ನೀರು ಆವಿಯಾಗಿ ಹೋಗುತ್ತದೆ, ನೆಲದೊಳಗಿನದು ಉಳಿಯುತ್ತದೆ. 2016ರಲ್ಲಿ ಯುನೆಸ್ಕೊ ಇರಾನಿನ 11 ಕನಾತ್‌ಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದನ್ನು ನೋಡಲು ಇರಾನಿಗೇ ಹೋಗಬೇಕಿಲ್ಲ. ನಮ್ಮ ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ್ದು ಇದೆ, ಅಲ್ಲಿ ಕಾರೇಜ್ ಅನ್ನುತ್ತಾರೆ, ಸುರಂಗ ಬಾವಿ ಅಂತಲೂ ಹೆಸರಿದೆ. ಇನ್ನು ನಮ್ಮ ವಿ.ಸಿ. ನಾಲೆ, ಅದೇ ವಿಶ್ವೇಶ್ವರಯ್ಯ ನಾಲೆ. ಕೆ.ಆರ್.ಎಸ್.ನಿಂದ ಬರುವ ನೀರು ಹುಲಿಕೆರೆಯ ಹತ್ತಿರ ಗುಡ್ಡದೊಳಗೆ ಹೊಕ್ಕು ಆಚೆ ಬರುತ್ತದಲ್ಲ, ನೀನೂ ನೋಡಿದ್ದೀಯ. ಅದು ಕನಾತ್ ಅಲ್ಲ. ಕನಾತ್ ನೆಲದೊಳಗಿನ ನೀರನ್ನೇ ಹುಡುಕಿ ತರುತ್ತದೆ, ನಮ್ಮದು ಅಣೆಕಟ್ಟೆಯ ನೀರು. ಆದರೆ ಕೆಲಸ ಮಾಡುವ ಸೂತ್ರ ಎರಡರಲ್ಲೂ ಇಳಿಜಾರೇ. ಈಗ ಹೇಳು, ಈ ಪದ ಬೋರ್ಡಿನ ಮುಂದೆ ಕೂತಾಗ ನಿನಗೆ ಮರೆತುಹೋಗುತ್ತದಾ?

ಝಡ್ ಪದಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಒಂದು ಮಾತ್ರ. ಎ, ಡಿ, ಝಡ್, ಇ, ಆಡ್ಜ್. ಎದುರಿಗೆ 'ಮರಗೆಲಸದ ಉಪಕರಣ' ಅಂತ ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೀಯ. ಊರಿನಲ್ಲಿ ತಾತನ ಹಗೇವಿನ ಪಕ್ಕದ ಗೂಡಿನಲ್ಲಿದೆಯಲ್ಲ ಬಾಚಿ, ಅದೇ. ಕೊಡಲಿಯ ಬಾಯಿ ಕಾವಿನ ನೇರಕ್ಕಿರುತ್ತದೆ, ಬಾಚಿಯ ಬಾಯಿ ಅಡ್ಡಕ್ಕಿರುತ್ತದೆ. ಕೊಡಲಿ ಕಡಿಯುತ್ತದೆ, ಬಾಚಿ ಕೆತ್ತುತ್ತದೆ. ಮುಂದಿನ ಸಲ ಊರಿಗೆ ಹೋದಾಗ ತಾತನ ಕೈಲಿ ಒಂದು ತುಂಡು ಮರ ಕೆತ್ತಿಸಿ ನೋಡು, ಅವರಿಗೂ ಖುಷಿಯಾಗುತ್ತದೆ.

ಹಾಗೇ ರಾಗಿ ಇಂಗ್ಲಿಷ್ ನಿಘಂಟಿನಲ್ಲೇ ಇದೆ, ರೈತ ಅನ್ನುವುದು ಆರ್, ವೈ, ಓ, ಟಿ ಆಗಿ ಇದೆ. ಇವನ್ನೂ ಬರೆದುಕೋ. ರಾಗಿಗೆ ಅಂಕ ಐದೇ, ಇರಲಿ.

ಒಂದು ವಿಷಯ ಮರೀಬೇಡ. ಆಟದ ಒಪ್ಪಿತ ಪದಗಳಲ್ಲಿ ಅಮೆರಿಕದ ಪಟ್ಟಿ ಬೇರೆ, ಬ್ರಿಟನ್ನಿನ ಕಾಲಿನ್ಸ್ ನಿಘಂಟಿನವರ ಪಟ್ಟಿ ಬೇರೆ. ಹಸುವಿಗೂ ಯಾಕ್‌ಗೂ ಹುಟ್ಟುವ ಕರುವಿಗೆ ಝಡ್-ಓ ಅನ್ನುವ ಪದ ಇದೆ. ಕಾಲಿನ್ಸ್‌ನಲ್ಲಿ ನಡೆಯುತ್ತದೆ, ಅಮೆರಿಕದ್ದರಲ್ಲಿ ನಡೆಯುವುದಿಲ್ಲ. ನಿಮ್ಮ ಸ್ಪರ್ಧೆಗೆ ಯಾವುದು ಅಂತ ನಾಳೆಯೇ ಕೇಳಿ ತಿಳಿದುಕೋ. ಭಾನುವಾರ ಅಪ್ಪ ಮೈಸೂರಿಗೆ ಬರುತ್ತಾರೆ, ದಪ್ಪ ನಿಘಂಟು ಕಳಿಸುತ್ತೀನಿ, ಜೊತೆಗೆ ಕೋಡುಬಳೆ ಡಬ್ಬಿ. ಡಬ್ಬಿ ವಾಪಸ್ ಕೊಟ್ಟು ಕಳಿಸು.

ನಿನ್ನ
ಅಮ್ಮ