ತಗ್ಗು ಕಾರು, ಎತ್ತರದ ಹಂಪ್

ಮಾನ್ಯ ಸಂಪಾದಕರೇ,

ಪುಟ್ಟ ಸ್ಪೋರ್ಟ್ಸ್ ಕಾರು ಅಂದ ಕೂಡಲೇ ನಮ್ಮೂರಿನಲ್ಲಿ ಕೇಳಿಬರುವ ಮಾತು ಒಂದೇ: 'ಬೆಂಗಳೂರಿನ ಟ್ರಾಫಿಕ್‌ನಲ್ಲಿ ಅದನ್ನಿಟ್ಟುಕೊಂಡು ಏನು ಮಾಡ್ತೀರಿ?' ಇಂಥ ಕಾರಿನ ಸುಖವೆಲ್ಲ ನೂರೈವತ್ತು ಕಿಲೋಮೀಟರ್ ವೇಗದಲ್ಲಿದೆ, ಅಷ್ಟು ವೇಗಕ್ಕೆ ಇಲ್ಲಿ ರಸ್ತೆಯಿಲ್ಲ, ಹಾಗಾಗಿ ಕಾರು ದಂಡ ಎಂಬ ಲೆಕ್ಕ ಇದು. ವೇಗಕ್ಕಾಗಿಯೇ ಕೊಂಡವರ ಮಟ್ಟಿಗೆ ನಿಜಕ್ಕೂ ದಂಡ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲೇ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ ಇದೆ, ಅದನ್ನು ಮಾಮೂಲಿ ಹ್ಯಾಚ್‌ಬ್ಯಾಕ್ ಕೂಡ ಸಲೀಸಾಗಿ ಮುಟ್ಟುತ್ತದೆ. ಆದರೆ ಒಂದು ಟನ್ ಆಸುಪಾಸಿನ ಹಗುರ ಕಾರು ಸಂತೋಷ ಕೊಡುವುದು 30ರಿಂದ 50ರ ನಡುವೆ. ಆ ವೇಗ ಬೆಂಗಳೂರಿನಲ್ಲಿ ದಿನಾ ಸಿಗುತ್ತದೆ. ಆ ಖುಷಿಗೆ ಅಡ್ಡ ಬರುವುದು ಅಳತೆ ಮೀರಿದ ಹಂಪ್. ಅದರ ಬಗೆಗಿನ ಕೋರಿಕೆ ಕೊನೆಯಲ್ಲಿದೆ, ಮೊದಲು ಕಾರಿನ ಸುಖ, ಆರೈಕೆಯ ಮಾತು.

ಒಂದು ತಿರುವನ್ನೇ ತೆಗೆದುಕೊಳ್ಳಿ. ಭಾನುವಾರ ಬೆಳಗ್ಗೆ ಆರು ಗಂಟೆ, ಕಬ್ಬನ್ ಪಾರ್ಕ್ ಸುತ್ತಲಿನ ರಸ್ತೆ ಖಾಲಿ. ಮೂರನೇ ಗೇರಿನಲ್ಲಿ 40ರಲ್ಲಿ ಬಂದು, ತಿರುವಿಗೆ ಮೊದಲೇ ನೇರ ದಾರಿಯಲ್ಲಿ ಬ್ರೇಕ್ ಒತ್ತಿ 25ಕ್ಕೆ ಇಳಿಸಬೇಕು. ಎರಡನೇ ಗೇರಿಗೆ ಹಾಕಲು ಕ್ಲಚ್ ಒತ್ತಿದ ಆ ಅರೆಗಳಿಗೆಯಲ್ಲಿ ಆಕ್ಸಿಲರೇಟರನ್ನು ಒಮ್ಮೆ ಮೆಲ್ಲಗೆ ತಟ್ಟಿ, ಎಂಜಿನ್ ಸುತ್ತನ್ನು ನಿಮಿಷಕ್ಕೆ ಆರೇಳು ನೂರು ಏರಿಸಬೇಕು. ಲೆಕ್ಕ ಸರಿಯಾಗಿದ್ದರೆ ಕ್ಲಚ್ ಬಿಟ್ಟಾಗ ಕಾರು ಜಗ್ಗುವುದಿಲ್ಲ, ತಲೆ ಮುಂದಕ್ಕೆ ವಾಲುವುದಿಲ್ಲ. ಗೇರ್ ಬಿದ್ದದ್ದೇ ಗೊತ್ತಾಗುವುದಿಲ್ಲ. ಆಮೇಲೆ ಕಣ್ಣು ತಿರುವಿನ ಕೊನೆಯ ಮೇಲಿದ್ದರೆ ಕೈ ತಾನಾಗಿ ಅತ್ತ ಹೋಗುತ್ತದೆ. ಇಷ್ಟಕ್ಕೆ ಒಂದು ತಪ್ಪು ಓವರ್‌ಟೇಕ್ ಬೇಕಿಲ್ಲ, ಒಂದು ಹಾರ್ನ್ ಬೇಕಿಲ್ಲ. ಕಲಿಯಲು ತಿಂಗಳುಗಳು ಬೇಕು. ಆ ಕಲಿಕೆಯೇ ಈ ಕಾರಿನ ದಿನದಿನದ ಖುಷಿ. ಮೇಲ್ಛಾವಣಿಯ ಹೂಡು ತೆರೆಯುವ ಕಾರಾದರೆ ನಮ್ಮ ಹವೆಯೂ ಜೊತೆಗೂಡುತ್ತದೆ. ವರ್ಷದ ಬಹುಪಾಲು ಬೆಳಗುಗಳಲ್ಲಿ ಮೇಲೆ ಹೊದಿಕೆಯಿಲ್ಲದೆ ಓಡಿಸಬಹುದಾದ ದೊಡ್ಡ ಊರು ದೇಶದಲ್ಲಿ ಇನ್ನೆಲ್ಲಿದೆ?

ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಗಾಳಿ ತೆಳು. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಭಾಗ ಇಲ್ಲಿ ಸಿಗದು. ಅದರಿಂದ ಸುಖಕ್ಕೇನೂ ಕೊರತೆಯಾಗದು, 'ಪಿಕಪ್ ಕಡಿಮೆಯಾಯ್ತು' ಎಂದು ಗ್ಯಾರೇಜಿಗೆ ಓಡುವ ಮುನ್ನ ನೆನಪಿರಲಿ ಅಷ್ಟೆ.

ಇಂಥ ಕಾರಿಗೆ ಈ ಊರಿನಲ್ಲಿ ಮೊದಲು ಏಟು ಬೀಳುವುದು ಟೈರಿಗೆ. 205/45 ಆರ್17 ಅಳತೆಯ (205 ಮಿ.ಮೀ. ಅಗಲ, ಅದರ ಶೇ 45ರಷ್ಟು ಪಕ್ಕದ ಗೋಡೆ, 17 ಇಂಚಿನ ರಿಮ್) ಟೈರಿನ ಪಕ್ಕದ ಗೋಡೆ ಬರೀ 92 ಮಿ.ಮೀ. ಎತ್ತರ. ಗುಂಡಿಯ ಚೂಪು ಅಂಚಿಗೆ ಬಡಿದಾಗ ಅಂಚಿಗೂ ರಿಮ್ಮಿಗೂ ನಡುವೆ ಆ ಗೋಡೆ ಚಿವುಟಿದಂತಾಗಿ ಒಳಗಿನ ಎಳೆಗಳು ಕಡಿಯುತ್ತವೆ. ಒಂದೆರಡು ದಿನದಲ್ಲಿ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು ಕಾಣಿಸುತ್ತದೆ. ಅದಕ್ಕೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ, ಟೈರೇ ಬದಲಾಗಬೇಕು. ಬ್ರೇಕಿನ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ರಿಮ್ಮಿಗೆ ತಗಲದು ಎಂದು ಖಾತ್ರಿ ಮಾಡಿಕೊಂಡು 16 ಇಂಚಿನ ರಿಮ್ಮಿಗೆ ಇಳಿದು 205/50 ಹಾಕಿಸಿದರೆ ಗೋಡೆ 102 ಮಿ.ಮೀ. ಆಗುತ್ತದೆ. ಒಟ್ಟು ವ್ಯಾಸದಲ್ಲಿ ವ್ಯತ್ಯಾಸ 5 ಮಿ.ಮೀ. ಮಾತ್ರ, ಸ್ಪೀಡೋಮೀಟರ್ ಲೆಕ್ಕ ತಪ್ಪದು. ಆ ಒಂದು ಸೆಂಟಿಮೀಟರ್ ರಬ್ಬರು ಎಷ್ಟೋ ರಿಮ್ಮುಗಳನ್ನು ಉಳಿಸುತ್ತದೆ. ಷೋರೂಮಿನಲ್ಲಿ ಚೆಂದ ಕಾಣುತ್ತದೆಂದು 18 ಇಂಚಿಗೆ ಏರುವವರು ತಿರುವು ತೆಗೆದುಕೊಳ್ಳುವ ಸುಖವನ್ನೂ ಕಳೆದುಕೊಳ್ಳುತ್ತಾರೆ, ಏಕೆಂದರೆ ಭಾರದ ಚಕ್ರ ರಸ್ತೆಯ ತರಿಗಳ ಮೇಲೆ ಕುಣಿಯುತ್ತದೆ, ಹಿಡಿತ ಬಿಡುತ್ತದೆ.

ಗಾಳಿಯನ್ನು ಬೆಳಗ್ಗೆ, ಟೈರು ತಣ್ಣಗಿರುವಾಗಲೇ ನೋಡಬೇಕು. ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಅಂಕಿಯೇ ಪ್ರಮಾಣ. ಇಂಥ ಕಾರಿನ ಚಕ್ರಗಳ ಮೇಲ್ತುದಿ ಒಳಕ್ಕೆ ಕೊಂಚ ವಾಲಿರುವುದರಿಂದ ಟೈರಿನ ಒಳ ಅಂಚು ಬೇಗ ಸವೆಯುತ್ತದೆ. ಹೊರಗಿನಿಂದ ನೋಡಿದರೆ ಹೊಸದರಂತಿದ್ದು ಒಳಗೆ ತಂತಿ ಕಾಣುತ್ತಿರಬಹುದು. ತಿಂಗಳಿಗೊಮ್ಮೆ ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ನಿಲ್ಲಿಸಿ, ಒಳ ಅಂಚನ್ನು ಬೆರಳಿಂದ ಸವರಿ ನೋಡಿ. ದೊಡ್ಡ ಗುಂಡಿಗೆ ಬಿದ್ದ ಮೇಲೆ ಅಲೈನ್‌ಮೆಂಟ್ ಮಾಡಿಸುವುದು, ಅಂದರೆ ಚಕ್ರಗಳ ಕೋನ ಸರಿಪಡಿಸುವುದು, ದಂಡದ ಖರ್ಚಲ್ಲ. ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿಯೂ ಮುಖ್ಯ: 2322 ಎಂದಿದ್ದರೆ 2022ರ 23ನೇ ವಾರದಲ್ಲಿ ತಯಾರಾದ ಟೈರು. ಕಡಿಮೆ ಓಡುವ ಕಾರಿನಲ್ಲಿ ಬಟನ್ ಸವೆಯುವ ಮೊದಲೇ ರಬ್ಬರು ಗಟ್ಟಿಯಾಗುತ್ತದೆ. ಆರು ವರ್ಷ ದಾಟಿದ ಟೈರಿನ ಮೇಲೆ ಮಳೆಯಲ್ಲಿ ನಂಬಿಕೆ ಇಡಬಾರದು.

ಕ್ಲಚ್ಚಿನ ವಿಷಯಕ್ಕೆ ಬಂದರೆ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಒಂದನೇ ಗೇರ್ ಹಾಕಿ ಕ್ಲಚ್ ಒತ್ತಿಕೊಂಡೇ ನಿಲ್ಲುವ ಅಭ್ಯಾಸ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗನ್ನು ತಿನ್ನುತ್ತದೆ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಪೆಡಲ್ ಮೇಲಿಂದ ಕಾಲು ಪೂರ್ತಿ ಕೆಳಗೆ. ಎರಡು ಒಣ (ಎಣ್ಣೆಯಲ್ಲಿ ಮುಳುಗಿರದ) ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಟರ್ಬೊ ಹ್ಯಾಚ್‌ಬ್ಯಾಕ್‌ಗಳಿಗೆ ತೆವಳುವುದೇ ಶತ್ರು. ಬ್ರೇಕನ್ನು ಅರೆಬರೆ ಒತ್ತಿ ಅಂಗುಲ ಅಂಗುಲ ಸರಿದರೆ ಕ್ಲಚ್ ಜಾರುತ್ತಲೇ ಇದ್ದು ಕಾದು ಹೋಗುತ್ತದೆ. ಗಟ್ಟಿಯಾಗಿ ಬ್ರೇಕ್ ಒತ್ತಿ ನಿಂತು, ಮುಂದೆ ಎರಡು ಕಾರಿನಷ್ಟು ಜಾಗ ಬಿಟ್ಟ ಮೇಲೆ ಒಂದೇ ಸಲ ಹೋಗಬೇಕು. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ.

ಎಂಜಿನ್ ಆಯಿಲ್ ಎಂಜಿನ್ನನ್ನು ತಂಪಿಡುವ ನೀರಿಗಿಂತ ತಡವಾಗಿ ಕಾಯುತ್ತದೆ. ಉಷ್ಣತೆಯ ಮೀಟರಿನ ಮುಳ್ಳು ನಡುವಿಗೆ ಬಂದ ಮಾತ್ರಕ್ಕೆ ಆಯಿಲ್ ಸಿದ್ಧವಾಯಿತು ಎಂದಲ್ಲ. ಹೊರಟ ಮೊದಲ ಹತ್ತು ಹದಿನೈದು ನಿಮಿಷ 3,000 ಸುತ್ತು ದಾಟಿಸದಿದ್ದರೆ ಎಂಜಿನ್ ಬಾಳಿಕೆ ಬರುತ್ತದೆ. ಸಣ್ಣ ಟರ್ಬೊ ಎಂಜಿನ್ನುಗಳಲ್ಲಿ ಇನ್ನೊಂದು ಎಚ್ಚರ: ಮೇಲಿನ ಗೇರಿನಲ್ಲಿ 1,500 ಸುತ್ತಿರುವಾಗ ಆಕ್ಸಿಲರೇಟರ್ ಪೂರ್ತಿ ತುಳಿದರೆ ಇಂಧನ ಹೊತ್ತಿಗೆ ಮೊದಲೇ ಹತ್ತಿಕೊಂಡು ಪಿಸ್ಟನ್ ಒಡೆಯಬಹುದು. ಗೇರ್ ಇಳಿಸಿ, ಆಮೇಲೆ ತುಳಿಯಿರಿ. ಕೈಪಿಡಿ 10,000 ಕಿ.ಮೀ. ಎಂದರೂ ನಮ್ಮ ಟ್ರಾಫಿಕ್‌ನಲ್ಲಿ ನಿಂತಲ್ಲೇ ಓಡುವ ಎಂಜಿನ್ನಿಗೆ 7,000ದ ಆಸುಪಾಸಿನಲ್ಲೇ ಆಯಿಲ್ ಬದಲಿಸುವುದು ಮೇಲು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಗಲೇಬೇಕು. ಇಲ್ಲವಾದರೆ ನಂದಿ ಬೆಟ್ಟದ ಇಳಿಜಾರಿನಲ್ಲಿ ಅದು ಕುದಿದು ಪೆಡಲ್ ಮೆತ್ತಗಾಗುತ್ತದೆ. ಇಳಿಯುವಾಗ ಎರಡನೇ ಗೇರು, ಬ್ರೇಕ್ ಆಗಾಗ ಮಾತ್ರ.

ಮಳೆಯ ಕಥೆ ಬೇರೆ. ಯುಗಾದಿ ಆಸುಪಾಸು ನಮ್ಮ ಹಳೆ ಬಡಾವಣೆಗಳಲ್ಲಿ ಹೊಂಗೆ ಮರದಡಿ ಅರಳು ಚೆಲ್ಲಿದ ಹಾಗೆ ಹೂ ಬಿದ್ದಿರುತ್ತದೆ. ನೋಡಲು ಚೆಂದ, ಆದರೆ ಆ ಹೂವು ಗಾಜಿನ ಬುಡದ ಜಾಲರಿಯೊಳಗೂ ಬಟ್ಟೆ ಹೂಡಿನ ಮಡಿಕೆಯೊಳಗೂ ಸೇರಿ, ಕೊಳೆತು, ನೀರು ಇಳಿಯುವ ಕಿರುಕೊಳವೆಗೆ ಬಿರಡೆಯಾಗುತ್ತದೆ. ಮೇ ತಿಂಗಳ ಮೊದಲ ದೊಡ್ಡ ಮಳೆಗೆ ನೀರು ಸೀಟಿನ ಕೆಳಗಿನ ಕಾರ್ಪೆಟ್ಟಿಗೆ ಇಳಿಯುತ್ತದೆ. ಮೇಲೆ ಒಣಗಿದಂತೆ ಕಂಡರೂ ಕೆಳಗಿನ ಸ್ಪಂಜು ವಾರಗಟ್ಟಲೆ ನೆನೆದಿದ್ದು, ವೈರಿಂಗಿನ ಕನೆಕ್ಟರುಗಳು ಹಸಿರು ಕಟ್ಟುತ್ತವೆ. ಮಳೆಗಾಲಕ್ಕೆ ಮೊದಲು ಹೂ, ಎಲೆ ಕೈಯಿಂದ ತೆಗೆದು, ಎರಡೂ ಬದಿಗೆ ಅರ್ಧ ಮಗ್ ನೀರು ನಿಧಾನಕ್ಕೆ ಸುರಿಯಿರಿ. ಕೆಲವೇ ಸೆಕೆಂಡಿನಲ್ಲಿ ಕಾರಿನಡಿ ಧಾರೆ ಬೀಳಬೇಕು. ಬೀಳದಿದ್ದರೆ ತೆಳು ನೈಲಾನ್ ತಂತಿ ಹಾಯಿಸಿ. ಸರ್ವಿಸ್ ಸ್ಟೇಷನ್ನಿನ ಗಾಳಿ ಗನ್ ಮಾತ್ರ ಬೇಡ, ಒಳಗಿನ ಕೊಳವೆ ಜೋಡಣೆಯಿಂದ ಕಳಚಿಕೊಂಡರೆ ಡ್ಯಾಷ್‌ಬೋರ್ಡೇ ಬಿಚ್ಚಬೇಕಾದೀತು. ಹೂಡನ್ನು ಒದ್ದೆಯಿರುವಾಗ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ.

ನೀರು ನಿಂತ ಅಂಡರ್‌ಪಾಸಿಗೆ ಯಾವ ಕಾರನ್ನೂ ಇಳಿಸಬಾರದು. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರಿನಲ್ಲಿದ್ದ ಯುವತಿಯೊಬ್ಬರು ಜೀವ ಕಳೆದುಕೊಂಡದ್ದನ್ನು ಈ ಊರು ಮರೆತಿಲ್ಲ. ತಗ್ಗು ಕಾರಿನಲ್ಲಿ ಎಂಜಿನ್ ಉಸಿರಾಡುವ ಬಾಯಿಯೂ ಕೆಳಗೇ ಇರುತ್ತದೆ. ರಸ್ತೆಯಲ್ಲೇ ಚಕ್ರದ ಕಾಲುಭಾಗ, ಅಂದರೆ ಸುಮಾರು 15 ಸೆಂ.ಮೀ. ನೀರಿದ್ದರೆ ಹಿಂತಿರುಗಿ. ನೀರು ಸಿಲಿಂಡರಿಗೆ ಹೋದರೆ ಪಿಸ್ಟನ್ನಿಗೆ ಅದನ್ನು ಅದುಮಲಾಗದು, ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಲ್ಲಿ ಆಫ್ ಆದ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಲೇಬೇಡಿ, ತಳ್ಳಿಸಿ. ವಿಮೆಯಲ್ಲಿ ಎಂಜಿನ್ ರಕ್ಷಣೆಯನ್ನು ಪ್ರತ್ಯೇಕವಾಗಿ ಸೇರಿಸಿದ್ದರೆ ಮಾತ್ರ ಇದಕ್ಕೆ ಹಣ ಸಿಗುವುದು ಸಾಮಾನ್ಯ.

ಕಾರನ್ನು ಹೊದಿಕೆ ಹಾಕಿ ಬೇಸ್‌ಮೆಂಟಿನಲ್ಲಿ ನಿಲ್ಲಿಸಿಬಿಡುವುದು ಪ್ರೀತಿಯಲ್ಲ. ಬ್ಯಾಟರಿ 12.6 ವೋಲ್ಟಿನಿಂದ 12.2ಕ್ಕೆ ಇಳಿದರೆ ಅರ್ಧ ಖಾಲಿ ಎಂದು ಅರ್ಥ. ಎಥನಾಲ್ ಬೆರೆತ ಪೆಟ್ರೋಲ್ ಅರೆಖಾಲಿ ಟ್ಯಾಂಕಿನಲ್ಲಿ ತೇವ ಎಳೆಯುತ್ತದೆ, ಇಲಿ ವೈರ್ ಕಡಿಯುತ್ತದೆ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಿ. ಮಾಗಡಿ ರಸ್ತೆಯ ಕಡೆ ಮಂಚನಬೆಲೆಗೋ, ರಾಮೋಹಳ್ಳಿಯ ದೊಡ್ಡ ಆಲದ ಮರಕ್ಕೋ ಬೆಳಗಿನ ಹೊತ್ತು ಹೋಗಿಬಂದರೆ ಕಾರಿಗೂ ಆಯಿತು, ಓಡಿಸುವವರಿಗೂ ಆಯಿತು.

ಸಹ ಮಾಲೀಕರಿಗೆ ಒಂದು ಮನವಿ. ಸೈಲೆನ್ಸರ್ ಬದಲಿಸಿ, ಪಟಾಕಿಯಂತೆ ಸಿಡಿಯುವ ಹಾಗೆ ಎಂಜಿನ್ ಟ್ಯೂನ್ ಮಾಡಿಸಿ ರಾತ್ರಿ ಹನ್ನೊಂದಕ್ಕೆ ಬಡಾವಣೆಯಲ್ಲಿ ಸುತ್ತುವುದನ್ನು ನಿಲ್ಲಿಸಿ. ಆ ಸಿಡಿತ ಎಕ್ಸಾಸ್ಟಿನೊಳಗೆ ಉರಿಯುವ ಹಸಿ ಪೆಟ್ರೋಲಿನದು. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕರಗಬಹುದು. ವಾಹನವನ್ನು ಮನಬಂದಂತೆ ಮಾರ್ಪಡಿಸಬಾರದೆನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೂ ಅದು ವಿರುದ್ಧ. ಮಲಗಿದ ಮಗುವನ್ನು, ಹಿರಿಯರನ್ನು ಎಬ್ಬಿಸಿ ಪಡೆಯುವ ಖುಷಿಯಿಂದಲೇ ಈ ಕಾರುಗಳಿಗೆಲ್ಲ ಕೆಟ್ಟ ಹೆಸರು.

ಇನ್ನು ಹಂಪ್. ಈ ಪತ್ರದ ಮುಖ್ಯ ಕೋರಿಕೆ ಇಲ್ಲಿದೆ. ತಗ್ಗು ಕಾರಿನ ಹೊಟ್ಟೆ ಉಜ್ಜುವುದು ಕಾರಿನ ದೋಷ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಲೆಕ್ಕ ಹಾಕಿ ನೋಡಿ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99 ಮಾರ್ಗಸೂಚಿಯ 1988ರ ಆವೃತ್ತಿ ಹೇಳಿದ ದುಂಡು ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ್ದು, 25 ಕಿ.ಮೀ. ವೇಗದಲ್ಲಿ ದಾಟಲೆಂದು ರೂಪಿಸಿದ್ದು. ಮುಂದಿನ ಹಿಂದಿನ ಚಕ್ರಗಳ ನಡುವೆ 2.4 ಮೀಟರ್ ಅಂತರವಿರುವ ಪುಟ್ಟ ಕಾರು ಇದರ ಮೇಲೆ ನಿಂತರೆ ನಾಲ್ಕೂ ಚಕ್ರ ಹಂಪಿನ ಮೇಲೆಯೇ ಇರುತ್ತವೆ. ಹೊಟ್ಟೆಯಡಿ ಹಂಪ್ ಏಳುವುದು ಬರೀ 4 ಸೆಂ.ಮೀ. ಚಿಲ್ಲರೆ. ನೆಲದಿಂದ 12 ಸೆಂ.ಮೀ. ಎತ್ತರವಿರುವ ಕಾರೂ ನಿರಾತಂಕವಾಗಿ ದಾಟುತ್ತದೆ. ಆದರೆ ಗಲ್ಲಿಗಲ್ಲಿಯಲ್ಲಿ ರಾತ್ರೋರಾತ್ರಿ ಏಳುವ, ಒಂದು ಮೀಟರ್ ಅಗಲ, 15 ಸೆಂ.ಮೀ. ಎತ್ತರದ ದಿಬ್ಬವಿದೆಯಲ್ಲ, ಅದು ಇಡಿಯಾಗಿ ಎರಡು ಚಕ್ರಗಳ ನಡುವೆ ಕೂರುತ್ತದೆ. ಆಗ ಪೂರ್ತಿ 15 ಸೆಂ.ಮೀ. ಹೊಟ್ಟೆಗೆ ಬರುತ್ತದೆ. ಮೊದಲು ಬಡಿಯುವುದು ಎಕ್ಸಾಸ್ಟ್ ಪೈಪಿನ ಜೋಡಣೆ, ಆಮೇಲೆ ತಳದ ಪ್ಲಾಸ್ಟಿಕ್ ತಟ್ಟೆ. ಹಿಂದೆ ಮುಂದೆ ಬೈಕುಗಳಿಲ್ಲ ಎಂದು ಕನ್ನಡಿಯಲ್ಲಿ ನೋಡಿಕೊಂಡು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟುವುದೊಂದೇ ಉಪಾಯ. ಅಪಾರ್ಟ್‌ಮೆಂಟಿನ ರ‍್ಯಾಂಪಿನ ತುದಿಗೂ ಇದೇ ಮದ್ದು.

ಅಂಥ ದಿಬ್ಬದಿಂದ ಸ್ಪೋರ್ಟ್ಸ್ ಕಾರಿಗೆ ಮಾತ್ರ ತೊಂದರೆಯಲ್ಲ. ಆಟೋದಲ್ಲಿ ಕೂತ ಗರ್ಭಿಣಿಗೆ, ಆಂಬುಲೆನ್ಸಿನಲ್ಲಿ ಮಲಗಿದ ರೋಗಿಗೆ, ಬಿಳಿ ಪಟ್ಟಿಯಿಲ್ಲದ ಹಂಪನ್ನು ಕತ್ತಲಲ್ಲಿ ಕಾಣದ ಸ್ಕೂಟರ್ ಸವಾರರಿಗೆ ಆಗುವ ಪೆಟ್ಟು ಇನ್ನೂ ದೊಡ್ಡದು. ಶಾಲೆಯ ಮುಂದೆ, ಆಸ್ಪತ್ರೆಯ ಮುಂದೆ ಹಂಪ್ ಬೇಕು, ಅಳತೆಯದು ಬೇಕು. ನಗರದ ಪಾಲಿಕೆಗಳು ವಾರ್ಡುವಾರು ಹಂಪುಗಳನ್ನು ಅಳೆದು ಪಟ್ಟಿ ಮಾಡಲಿ, ಅಳತೆ ಮೀರಿದ್ದನ್ನು ಕೆತ್ತಿ ಸರಿಪಡಿಸಲಿ, ಬಣ್ಣ ಬಳಿಯಲಿ, ಮುಂಚಿತವಾಗಿ ಫಲಕ ಹಾಕಲಿ. ಅಳೆಯುವುದು ಸುಲಭ. ಹಂಪಿನ ಎರಡು ಬುಡಕ್ಕೂ ಒಂದೇ ಎತ್ತರದ ಇಟ್ಟಿಗೆಗಳನ್ನು ನಿಲ್ಲಿಸಿ, ಮೇಲೆ ದಾರ ಬಿಗಿದು, ದಾರದಿಂದ ಹಂಪಿನ ನೆತ್ತಿಯವರೆಗೆ ಟೇಪು ಹಿಡಿಯಿರಿ. ಇಟ್ಟಿಗೆಯ ಎತ್ತರದಿಂದ ಅದನ್ನು ಕಳೆದರೆ ಹಂಪಿನ ಎತ್ತರ ಸಿಗುತ್ತದೆ. ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದವರು ವಾಹನ ಕಡಿಮೆಯಿರುವ ಬೆಳಗಿನ ಹೊತ್ತು, ಒಬ್ಬರನ್ನು ಕಾವಲಿಗೆ ನಿಲ್ಲಿಸಿಕೊಂಡು, ಹತ್ತು ನಿಮಿಷದಲ್ಲಿ ಮಾಡಿ ಮುಗಿಸಬಹುದು. ಅಂಕಿಯನ್ನು ಫೋಟೊ ಸಮೇತ ವಾರ್ಡ್ ಎಂಜಿನಿಯರಿಗೆ ಕಳಿಸಲಿ.

– ಓದುಗ, ಬಸವನಗುಡಿ, ಬೆಂಗಳೂರು