ದೀಪಗಳು ಹೊಸ ಮನೆ ಸೇರಿದವು

ಎಲ್ಲರಿಗೂ ನಮಸ್ಕಾರ. ಬಸವನಗುಡಿಯ ಈ ಹಳೇ ಕಾಲದ ಮನೆಗೆ ಬಂದು ಇವತ್ತಿಗೆ ಹನ್ನೆರಡು ದಿನ. ನಾನು ಕೂಡಿಟ್ಟ ಹಳೇ ದೀಪಗಳೆಲ್ಲ ಬಂದಿವೆ. ಒಂದು ಲಾಟೀನಿನ ಗಾಜು ಮಾತ್ರ ದಾರಿಯಲ್ಲಿ ಸೀಳಿತು, ತುಂಬಾ ಬೇಜಾರಾಯ್ತು.

ಇದು 1898ರ ಪ್ಲೇಗಿನ ಕಾಲದಲ್ಲಿ ಬೆಳೆದ ಬಡಾವಣೆ. ಶಿವನಸಮುದ್ರದ ಕರೆಂಟು ಬೆಂಗಳೂರಿಗೆ ಬಂದದ್ದು 1905ರಲ್ಲಿ. ಅಂದರೆ ಇಲ್ಲಿಗೆ ಮೊದಲು ಬಂದವರು ಎಣ್ಣೆ ದೀಪದ ಬೆಳಕಲ್ಲೇ ಊಟ ಮಾಡಿದವರು, ಅಲ್ವಾ? ನಡುಮನೆಯ ತೊಲೆಯಲ್ಲಿ ಒಂದು ಕಬ್ಬಿಣದ ಕೊಕ್ಕೆ ಇದೆ. ಸುತ್ತ ಮರ ಕಪ್ಪಾಗಿದೆ, ದೀಪದ ಮಸಿಯೇ ಇರಬೇಕು. ಬಣ್ಣ ಹೊಡೆಯಲು ಬಂದವರಿಗೆ ಅದನ್ನು ಮುಟ್ಟಲೇಬೇಡಿ ಅಂದೆ. ಅಜ್ಜಿಯ ಹಿತ್ತಾಳೆ ತೂಗುದೀಪ ಈಗ ಅಲ್ಲೇ ತೂಗುತ್ತಿದೆ. ಸರಪಳಿಯ ಕೊನೆಯಲ್ಲಿ ಪುಟ್ಟ ಹಂಸ, ಕೊಕ್ಕಿನ ತುದಿ ಸವೆದಿದೆ. ಮೊದಲ ಸಂಜೆ ಬತ್ತಿ ಹಚ್ಚಿದಾಗ ಕಣ್ಣು ತುಂಬಿ ಬಂತು.

ಬರುವ ಭಾನುವಾರ ಸಂಜೆ 5ಕ್ಕೆ ಎಲ್ಲರೂ ಬನ್ನಿ. ನಿಮ್ಮ ದೀಪಗಳನ್ನೂ ತನ್ನಿ, ಆದರೆ ಸೀಮೆಎಣ್ಣೆ ಪೂರ್ತಿ ಖಾಲಿ ಮಾಡಿಯೇ ತನ್ನಿ. ಮಾಳಿಗೆ ಮರದ್ದು, ಹಾಗಾಗಿ ಲಾಟೀನು, ಪೆಟ್ರೋಮ್ಯಾಕ್ಸ್ ಹೊತ್ತಿಸುವುದೆಲ್ಲ ಹಿತ್ತಲಲ್ಲೇ. ಹಿತ್ತಾಳೆಯನ್ನು ದಯವಿಟ್ಟು ಹುಣಸೆಹಣ್ಣು ಹಾಕಿ ಜಾಸ್ತಿ ತಿಕ್ಕಬೇಡಿ, ಹಳೇ ಬಣ್ಣ ಹಾಗೇ ಇರಲಿ. ಯಾರ ಹತ್ತಿರವಾದರೂ ಲಾಟೀನಿನ ಗಾಜು ಇದ್ದರೆ ಹೇಳಿ.