ಮೀಟರ್ 28 ತೋರಿಸಿದರೂ 31 ಕೇಳೋದು ಯಾಕೆ?

ಎಲ್ಲರಿಗೂ ನಮಸ್ಕಾರ. ನಾವು ಮುಂಬೈಯ ಮಾಟುಂಗಾದ ಟ್ಯಾಕ್ಸಿಯವರು, 2025ರ ಫೆಬ್ರವರಿಯಲ್ಲಿ ಇದನ್ನು ಬರೆಯುತ್ತಿದ್ದೇವೆ.

2025ರ ಫೆಬ್ರವರಿ 1ರಿಂದ ಮುಂಬೈಯ ಕಾಲೀ-ಪೀಲೀ, ಅಂದರೆ ಕಪ್ಪು-ಹಳದಿ ಟ್ಯಾಕ್ಸಿ ದರ ಏರಿದೆ. ಮೊದಲ ಒಂದೂವರೆ ಕಿಲೋಮೀಟರಿಗೆ 28 ರೂಪಾಯಿ ಇದ್ದದ್ದು 31 ಆಗಿದೆ. ಆಮೇಲೆ ಕಿಲೋಮೀಟರಿಗೆ 18.66 ಇದ್ದದ್ದು 20.66. ಇದು ಸರ್ಕಾರ ಇಟ್ಟ ದರ, ಮಾಟುಂಗಾದ ಸ್ಟ್ಯಾಂಡಿನಲ್ಲಿ ಚಹಾ ಕುಡೀತಾ ನಾವು ಇಟ್ಟದ್ದಲ್ಲ. ಬೈಗುಳ ಮಾತ್ರ ನಮಗೇ.

"ಮೀಟರ್ 28 ತೋರಿಸ್ತಿದೆ, ನೀವು 31 ಕೇಳ್ತೀರಿ, ಮೋಸ ಅಲ್ವಾ?" ಎರಡು ವಾರದಿಂದ ದಿನಾ ಇದೇ ಮಾತು. ಮೋಸ ಅಲ್ಲ. ಎಲೆಕ್ಟ್ರಾನಿಕ್ ಮೀಟರಿಗೆ ಹೊಸ ದರ ಹಾಕಿಸಬೇಕು, ಪರೀಕ್ಷೆ ಮಾಡಿಸಬೇಕು, ಸೀಲ್ ಆಗಬೇಕು, ಊರಿನ ಗಾಡಿಗಳೆಲ್ಲ ಅದಕ್ಕೆ ಒಟ್ಟಿಗೇ ಸಾಲು ನಿಂತಿವೆ. ಒಂದು ಗಾಡಿಗೆ ಒಂದಿಡೀ ದಿನ ಹೋಗುತ್ತದೆ. ಆ ದಿನದ ದುಡಿಮೆ ಹೋಯ್ತು, ಮೇಲಿಂದ ಮೀಟರಿನ ಖರ್ಚೂ ನಮ್ಮ ಜೇಬಿಂದಲೇ. ನಮ್ಮ ಏಳು ಗಾಡಿಗಳಲ್ಲಿ ಎರಡು ಮುಗಿದಿವೆ. ಉಳಿದ ಐದರಲ್ಲಿ ಸದ್ಯಕ್ಕೆ, ಹಳೇ ಮೀಟರ್ ಇಷ್ಟು ತೋರಿಸಿದರೆ ಹೊಸ ದರ ಇಷ್ಟು ಅಂತ ಬರೆದಿರುವ ದರದ ಕಾರ್ಡ್ ನೋಡಿಯೇ ಲೆಕ್ಕ.

ಹಳಬರಿಗೆ ಇದು ಹೊಸದೇನಲ್ಲ. ಹಳೇ ಪ್ರೀಮಿಯರ್ ಪದ್ಮಿನಿ ಕಾರುಗಳ ಕಾಲದಲ್ಲಿ ಗಾಡಿಯ ಹೊರಗೆ ಕೂತಿದ್ದ ಆ ಕಬ್ಬಿಣದ ಮೀಟರು 1 ರೂಪಾಯಿಯಿಂದ ಶುರುವಾಗ್ತಿತ್ತು. ಆಗ ಯಾರಾದರೂ ಒಂದೇ ರೂಪಾಯಿ ಕೊಟ್ಟು ಇಳಿದದ್ದುಂಟಾ? ಕಾರ್ಡ್ ಮೇಲೆ ಬೆರಳಿಟ್ಟು ನೋಡಿ, ಕೊಟ್ಟು, "ಬರ್ತೀನಪ್ಪಾ" ಅಂತ ಹೋಗುತ್ತಿದ್ದಿರಿ.

ಇನ್ನು ಏರಿಕೆ ಎಷ್ಟು? ಹತ್ತು ಕಿಲೋಮೀಟರಿಗೆ 187 ಆಗುತ್ತಿದ್ದದ್ದು 207. ಇದಕ್ಕೆ ಮೊದಲು ದರ ಏರಿದ್ದು 2022ರ ಅಕ್ಟೋಬರಿನಲ್ಲಿ. ನಡುವೆ ಇನ್ಶೂರೆನ್ಸ್, ಟೈರು, ಗ್ಯಾರೇಜ್ ಯಾವುದೂ ನಮಗಾಗಿ ಕಾಯಲಿಲ್ಲ. ಸಿಎನ್‌ಜಿ ಪಂಪಿನಲ್ಲಿ ಸಾಲು ನಿಂತ ಹೊತ್ತಿಗೆ ಯಾರೂ ವೇಟಿಂಗ್ ಚಾರ್ಜ್ ಕೊಡೋದಿಲ್ಲ. ಮಳೆ ಬಂದಾಗ ಆ್ಯಪಿನವರು ದುಪ್ಪಟ್ಟು ಕೇಳಿದರೆ ಸುಮ್ನೆ ಕೊಡುತ್ತೀರಿ, ನಮ್ಮ 3 ರೂಪಾಯಿಗೆ ದಾದರ್ ಸ್ಟೇಷನ್ ಮುಂದೆ ಜಗಳ. ಬೇಜಾರಾಗುತ್ತದೆ, ಅದಕ್ಕೇ ಬರೆದೆವು.

ಆದರೆ ಒಂದು ತಪ್ಪು ನಮ್ಮದೇ. ಕಳೆದ ವಾರ ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಹೊರಟಿದ್ದ ಅಮ್ಮನವರಿಗೆ ನಮ್ಮ ಹುಡುಗ ಮೊದಲೇ ಕಾರ್ಡ್ ತೋರಿಸಲಿಲ್ಲ, ಇಳಿಯುವಾಗ ಹೇಳಿದ, ದನಿಯನ್ನೂ ಏರಿಸಿದ. ಅಮ್ಮ, ಕ್ಷಮಿಸಿ. ಅವನಿಗೆ ಹೇಳಬೇಕಾದ್ದು ಹೇಳಿದ್ದೇವೆ.

ಸಾಮಾನಿನ ವಿಷಯವೂ ಇದೆ. 2003ರ ಅಕ್ಟೋಬರ್ 29ರಂದು ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿಗೆ 20 ವರ್ಷ ತುಂಬಿ, 2023ರಲ್ಲಿ ಅದೂ ರಸ್ತೆ ಬಿಟ್ಟಿತು. ಅದರ ಜೊತೆ ನಮ್ಮ ಹೆಚ್ಚಿನ ಗಾಡಿಗಳ ತಲೆ ಮೇಲಿನ ಕ್ಯಾರಿಯರ್ ಕೂಡ ಹೋಯಿತು, ಹಲಸಿನ ಹಣ್ಣಿನಿಂದ ಹಿಡಿದು ಹಾಸಿಗೆವರೆಗೂ ಹೊತ್ತ ಕ್ಯಾರಿಯರ್ ಅದು! ಈಗಿನ ಸಣ್ಣ ಗಾಡಿಗಳ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಕೂತಿದೆ. ದೊಡ್ಡ ಪೆಟ್ಟಿಗೆ ಎರಡಕ್ಕಿಂತ ಜಾಸ್ತಿ ಇದ್ದರೆ ಹಿಂದಿನ ದಿನವೇ ಫೋನ್ ಮಾಡಿ, ಕ್ಯಾರಿಯರ್ ಇರುವ ಗಾಡಿ ಕಳಿಸುತ್ತೇವೆ.

ಇಂದಿನಿಂದ ನಮ್ಮ ಡ್ರೈವರ್ ನೀವು ಹತ್ತುವಾಗಲೇ ಕಾರ್ಡ್ ತೋರಿಸುತ್ತಾನೆ. ತೋರಿಸದೇ ಇದ್ದರೆ ಮೀಟರಿನಲ್ಲಿ ಇದ್ದಷ್ಟೇ ಕೊಡಿ. ಉಳಿದದ್ದು ನಮ್ಮ ಲೆಕ್ಕಕ್ಕೆ.

ಇಂತಿ ನಿಮ್ಮ,
ಮಾಟುಂಗಾದ ಏಳು ಗಾಡಿಯವರು